ಭಟ್ಟಿ ಆರದೆ ಪಾನಾ ಹಚ್ಚಬೇಡ್ರಿ

ನೆಹರು ಗಂಜಿನ ಖಾನಾವಳಿ, ಚಹಾದಂಗಡಿ, ಮಿರ್ಚಿ ಬಂಡಿಗಳ ಮಾಲೀಕರೆ, ಭಟ್ಟಿ ಮುಂದೆ ನಿಂತು ದುಡಿಯುವ ಅಣ್ಣಂದಿರೆ, ಅಕ್ಕಂದಿರೆ,

ತೊಗರಿ ಸುಗ್ಗಿ ಬಂತೆಂದರೆ ಗಂಜಿನಲ್ಲಿ ಒಲೆ ಆರುವ ಹೊತ್ತೇ ಇರುವುದಿಲ್ಲ. ಮಾಲು ತಂದ ರೈತರು, ಹಮಾಲರು, ಅಡತಿ ಅಂಗಡಿಯವರು, ಲಾರಿ ಡ್ರೈವರುಗಳು ಎಲ್ಲರ ಬೆಳಗಿನ ಸುಸಲಾ, ಮಧ್ಯಾಹ್ನದ ರೊಟ್ಟಿ, ಸಂಜೆಯ ಮಿರ್ಚಿ ನಿಮ್ಮ ಭಟ್ಟಿಯಿಂದಲೇ ಬರಬೇಕು. ಬರ್ನರ್ ಕೈಕೊಡುವುದೂ ಆಗಲೇ. ತೂತು ಕಟ್ಟಿ ಉರಿ ಹಳದಿಯಾಗುತ್ತದೆ, ಕಡಾಯಿಯ ತಳ ಮಸಿ ಹಿಡಿಯುತ್ತದೆ. ಹುಡುಗನನ್ನು ಓಡಿಸಿ ಹೊಸ ಬರ್ನರ್ ತರಿಸಿ, ಗಿರಾಕಿ ನಿಂತಿರುವಾಗ, ಪಕ್ಕದ ಒಲೆ ಉರಿಯುತ್ತಿರುವಾಗಲೇ ಹಳೆಯದನ್ನು ಬಿಚ್ಚುವವರಿದ್ದಾರೆ. ಇದು ನಿಲ್ಲಬೇಕು.

ಬರ್ನರ್ ಬದಲಿಸುವುದಿದ್ದರೆ ಗಂಜಿಗೆ ರಜೆ ಇರುವ ದಿನ ಬದಲಿಸಿರಿ. ಹಿಂದಿನ ರಾತ್ರಿಯೇ ಆರಿಸಿದ ಭಟ್ಟಿ ಇರಲಿ, ಹಗಲು ಬೆಳಕಿರಲಿ, ಮಾಲೀಕರು ಎದುರಿಗೆ ನಿಂತಿರಲಿ. ನಾವು ಕೇಳುವುದು ಇಷ್ಟೇ.

‘ಹತ್ತು ನಿಮಿಷದ ಕೆಲಸರೀ, ಇದಕ್ಕೇನು ರಜೆ?’ ಅನ್ನುತ್ತೀರಿ. ಹೌದು, ಕೂಡಿಸಲಿಕ್ಕೆ ಹತ್ತು ನಿಮಿಷ ಸಾಕು. ಹೊತ್ತು ಬೇಕಾಗಿರುವುದು ಅದಕ್ಕೂ ಮುಂಚಿನ ತಯಾರಿಗೆ. ಅಡುಗೆ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಗಟಾರಕ್ಕೆ ಇಳಿಯುತ್ತದೆ, ಗೋಣಿ ಚೀಲದ ಥಪ್ಪಿಯ ಕೆಳಗೆ ನಿಲ್ಲುತ್ತದೆ. ಸಿಲಿಂಡರಿನೊಳಗಿನ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸಾಗಿ ಹಬ್ಬುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲು ಬೆರೆತರೆ ಕಿಡಿ ಹಿಡಿಯಲು ಸಾಕು. ಆ ಕಿಡಿ ನಿಮ್ಮದೇ ಆಗಬೇಕೆಂದಿಲ್ಲ. ಪಕ್ಕದ ಬಂಡಿಯ ಒಲೆ, ಗಲ್ಲಾದ ಮೇಲಿನ ದೇವರ ಊದುಬತ್ತಿ, ಫ್ರಿಜ್ಜಿನ ಸ್ವಿಚ್ಚು, ಯಾರದೋ ಬೀಡಿ, ಯಾವುದಾದರೂ ಆದೀತು. ವಾಸನೆ ಬಂದರೆ ತಿಳಿಯುತ್ತದಲ್ಲ ಅನ್ನಬೇಡಿ. ಸೋರಿದ್ದು ಗೊತ್ತಾಗಲೆಂದೇ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ನಿಜ. ಆದರೆ ದಿನವಿಡೀ ಎಣ್ಣೆ, ಒಗ್ಗರಣೆ ಹೊಗೆಯಲ್ಲಿ ನಿಂತ ಮೂಗನ್ನು ನಂಬಿ ಕೂಡುವಂತಿಲ್ಲ.

ರಾತ್ರಿ ಆರಿಸುವಾಗಿನಿಂದಲೇ ತಯಾರಿ ಶುರು. ಎಲ್ಲರೂ ಒಲೆಯ ಕಿವಿ ತಿರುವಿ ಉರಿ ಆರಿಸುತ್ತಾರೆ, ಆಗ ಪೈಪಿನ ತುಂಬ ಗ್ಯಾಸು ಉಳಿದಿರುತ್ತದೆ. ಅಂದು ಮಾತ್ರ ಉರಿ ಹಾಗೇ ಬಿಟ್ಟು, ಮೊದಲು ಸಿಲಿಂಡರಿನ ಕಡೆ ಬಂದ್ ಮಾಡಿರಿ. ಪೈಪಿನಲ್ಲಿದ್ದದ್ದು ಉರಿದು ತೀರುತ್ತದೆ, ಉರಿ ಸಣ್ಣಗಾಗುತ್ತ ತಾನೇ ಆರುತ್ತದೆ. ಆಮೇಲೆ ಒಲೆಯ ಕಿವಿ ತಿರುವಿರಿ. ಒಂದೇ ಲೈನಿನಲ್ಲಿ ಎರಡು ಮೂರು ಒಲೆ ಇದ್ದರೆ ಎಲ್ಲವೂ ಆರಬೇಕು. ರೆಗ್ಯುಲೇಟರ್ ಕಳಚಿ, ಸಿಲಿಂಡರಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ನೆರಳಿರುವ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿರಿ. ಮುಚ್ಚಳ ಎಲ್ಲಿ ಹೋಯಿತೋ ಎಂದು ಹುಡುಕುವ ಅಂಗಡಿಗಳೇ ಜಾಸ್ತಿ. ಅದಕ್ಕೆ ದಾರ ಇರುವುದೇ ಸಿಲಿಂಡರಿಗೆ ಕಟ್ಟಿಕೊಂಡಿರಲಿ ಎಂದು.

ಬೆಳಿಗ್ಗೆ ಕಬ್ಬಿಣ ತಣ್ಣಗಿರುತ್ತದೆ. ಆರಿಸಿದ ಕೂಡಲೇ ಹಾಗಲ್ಲ: ಬೀಡು ಕಬ್ಬಿಣದ ಬರ್ನರ್ ಕಾವು ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಕಪ್ಪಗೆ ಕಂಡರೂ ಒಳಗೆ ಕೈ ಸುಡುವಷ್ಟಿರುತ್ತದೆ. ಬಿಚ್ಚಿದ ಮೇಲೆ ಗ್ಯಾಸು ಗಾಳಿ ಬೆರೆಯುವ ಕೊಳವೆಯೊಳಗೆ ಬೆಳಕು ಬಿಟ್ಟು ನೋಡಿರಿ: ಜೇಡರ ಬಲೆ, ಜಿರಳೆ, ಎಣ್ಣೆ ಜಿಡ್ಡು ಇದ್ದೀತು. ಇದನ್ನು ಹಾಗೇ ಬಿಟ್ಟು ಹೊಸ ಬರ್ನರ್ ಕೂಡಿಸಿದರೆ ಉರಿ ಹಿಂದಕ್ಕೆ ಹೊರಳಿ ಜೆಟ್ಟಿನ ಬಾಯಲ್ಲೇ ಉರಿಯಬಹುದು. ಜೆಟ್ಟಿನ ತೂತಿಗೆ ಸೂಜಿ, ಪಿನ್ನು, ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾದರೆ ಗ್ಯಾಸು ಹೆಚ್ಚು ಬಂದು ಮತ್ತೆ ಅದೇ ಹಳದಿ ಉರಿ, ಅದೇ ಮಸಿ.

ತಂದ ಬರ್ನರ್ ನಿಮ್ಮ ರೆಗ್ಯುಲೇಟರಿಗೆ ಹೊಂದುವುದೇ? ಹೆಚ್ಚು ಒತ್ತಡದ ಭಟ್ಟಿಯ ಬರ್ನರ್ ಬೇರೆ, ಮನೆ ಒಲೆಯದು ಬೇರೆ. ಹಳೆಯದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಉತ್ತಮ. ಮನೆಯ 14.2 ಕಿಲೋ ಸಿಲಿಂಡರ್ ಅಂಗಡಿಯಲ್ಲಿ ಬಳಸುವುದನ್ನು 2000ದ ಗ್ಯಾಸ್ ಆದೇಶವೇ ನಿಷೇಧಿಸಿದೆ. ಅಂಗಡಿಗೆ 19 ಕಿಲೋದ್ದು ಇದೆ. ಪೈಪು ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಮೇಲೆ ಅಚ್ಚಾದ ವರ್ಷ ದಾಟಿದ್ದರೆ ಅಂದೇ ಬದಲಿಸಿರಿ.

ಕೂಡಿಸಿದ ಮೇಲೆ ಎಲ್ಲ ಒಲೆಯ ಕಿವಿ ಬಂದ್ ಇಟ್ಟು ಗ್ಯಾಸು ಬಿಡಿರಿ, ಪ್ರತಿಯೊಂದು ಜೋಡಣೆಗೂ ಸಾಬೂನು ನೊರೆ ಹಚ್ಚಿರಿ. ಗುಳ್ಳೆ ಎದ್ದರೆ ಸೋರುತ್ತಿದೆ, ಮತ್ತೆ ಬಂದ್ ಮಾಡಿ ಬಿಗಿ ಮಾಡಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವ ಜಾಣರು ಈಗಲೂ ಇದ್ದಾರೆ, ಅವರನ್ನು ಭಟ್ಟಿಯ ಹತ್ತಿರ ಬಿಡಬೇಡಿ. ಸೋರಿಕೆ ಕೈಮೀರಿದರೆ ಲೈಟಿನ ಸ್ವಿಚ್ಚು ಮುಟ್ಟದೆ ಎಲ್ಲರೂ ಹೊರಬನ್ನಿ, ಹೊರಗಿನಿಂದ 1906ಕ್ಕೆ ಫೋನ್ ಮಾಡಿರಿ. ಬೆಂಕಿ ಎದ್ದರೆ 101 ಇಲ್ಲವೇ 112.

ಮಾಲೀಕರಿಗೆ ಒಂದು ಮಾತು. ಈ ಕೆಲಸವನ್ನು ತಟ್ಟೆ ತೊಳೆಯುವ ಹುಡುಗನಿಗೆ ಒಪ್ಪಿಸಬೇಡಿ. ತಿಳಿದ ಮಿಸ್ತ್ರಿಯನ್ನು ಕರೆಸಿರಿ, ಅಂದು ಬರುವ ಕೆಲಸಗಾರನಿಗೆ ಪೂರ್ತಿ ಪಗಾರ ಕೊಡಿರಿ. ವ್ಯಾಪಾರ ಕೆಡುತ್ತದೆ ಎಂಬ ಚಿಂತೆ ನಮಗೂ ಅರ್ಥವಾಗುತ್ತದೆ, ಅದಕ್ಕೇ ರಜೆ ದಿನ ಅನ್ನುತ್ತಿದ್ದೇವೆ. ತೊಗರಿ ಡಿಸೆಂಬರಿಗೆ ಬರಲಾರಂಭಿಸುತ್ತದೆ. ದೀಪಾವಳಿ ಮುಗಿದ ಮೇಲಿನ ಒಂದು ರಜೆ ದಿನ ಭಟ್ಟಿಗೆಂದೇ ಇಟ್ಟರೆ ಸುಗ್ಗಿಯ ನಡುವೆ ಬರ್ನರ್ ಬಿಚ್ಚುವ ಪ್ರಸಂಗ ಕಡಿಮೆಯಾಗುತ್ತದೆ.

ಬರ್ನರ್ ಮಾರುವ ಅಂಗಡಿಯವರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಕೊಂಡವರು ಎಲ್ಲರೂ ಗಂಜಿನವರಲ್ಲ. ಕಮಲಾಪುರದ ಬಸ್ಸು ಹತ್ತಿ, ಊರಿನ ಹೋಟೆಲಿಗೋ ಮದುವೆ ಅಡುಗೆಯ ಒಲೆಗೋ ತಾವೇ ಕೂಡಿಸಿಕೊಳ್ಳುವವರೂ ಇದ್ದಾರೆ. ಬರ್ನರ್ ಸುತ್ತಿ ಕೊಡುವಾಗ ಈ ಹಾಳೆಯನ್ನೂ ಒಳಗಿಟ್ಟು ಸುತ್ತಿರಿ.