ದೇಹವೊಂದು, ಕಚೇರಿ ಎರಡು

ಇಂಗ್ಲೆಂಡಿನಲ್ಲಿ ಸೊಂಟದ ಮೂಳೆ ಮುರಿದ ವೃದ್ಧೆಯೊಬ್ಬಳನ್ನು ಊಹಿಸಿಕೊಳ್ಳಿರಿ. ಆಕೆಯ ಶಸ್ತ್ರಚಿಕಿತ್ಸೆ ರಾಷ್ಟ್ರೀಯ ಆರೋಗ್ಯ ಸೇವೆಯ ಹೊಣೆ, ಅದು ಉಚಿತ. ಅನಂತರ ಮನೆಯಲ್ಲಿ ಸ್ನಾನಕ್ಕೂ ಊಟಕ್ಕೂ ಬೇಕಾಗುವ ನೆರವು ಸ್ಥಳೀಯ ಪೌರಸಭೆಯ ಹೊಣೆ. ಅದಕ್ಕೆ ಆಸ್ತಿ, ಆದಾಯಗಳ ಪರಿಶೀಲನೆ ಉಂಟು. 1948ರ ಜುಲೈ 5ರಂದು ಒಟ್ಟಿಗೇ ಜಾರಿಗೆ ಬಂದ ಎರಡು ಶಾಸನಗಳಿಂದ ಈ ವಿಭಜನೆ ನೆಲೆಗೊಂಡಿತು.

ಇದರ ಫಲವನ್ನು ಉಣ್ಣುವುದು ರೋಗಿಯ ದೇಹ. ಚಿಕಿತ್ಸೆ ಮುಗಿದರೂ ನೆರವಿಗಾಗಿ ಕಾಯುತ್ತ ಹಾಸಿಗೆಯಲ್ಲೇ ಮಲಗಿದವರ ಸ್ನಾಯುಗಳು ದಿನದಿನಕ್ಕೂ ಕ್ಷೀಣಿಸುತ್ತವೆ. ಆ ಹಾಸಿಗೆಯಾದರೋ ಮತ್ತೊಬ್ಬ ರೋಗಿಗೆ ದೊರೆಯದು.

2016ರ ಏಪ್ರಿಲಿನಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನ 10 ಪೌರಸಭೆಗಳೂ ಆರೋಗ್ಯ ಸಂಸ್ಥೆಗಳೂ ಸುಮಾರು 600 ಕೋಟಿ ಪೌಂಡುಗಳ ಆಯವ್ಯಯದ ಹೊಣೆಯನ್ನು ಕೂಡಿ ಹೊತ್ತವು. 2022ರ ಜುಲೈಯಲ್ಲಿ ಪ್ರಾದೇಶಿಕ ಸಹಭಾಗಿತ್ವವು ಇಂಗ್ಲೆಂಡಿನಾದ್ಯಂತ 42 ವಲಯಗಳಲ್ಲಿ ಶಾಸನಬದ್ಧವಾಯಿತು.

ಇದು ಸ್ವಾಗತಾರ್ಹವೇ ಸರಿ. ಆದರೆ ಒಂದೇ ಸಭೆಯಲ್ಲಿ ಕುಳಿತ ಮಾತ್ರಕ್ಕೆ ಕಾರ್ಯ ಒಂದಾಗದು. ಬೊಕ್ಕಸಗಳು ಬೇರೆಯಾಗಿರುವ ತನಕ, ಆಸ್ಪತ್ರೆಗೆ ಉಳಿತಾಯವಾಗಲೆಂದು ಪೌರಸಭೆ ಏಕೆ ವೆಚ್ಚ ಮಾಡೀತು? ಹಣವೂ ರೋಗಿಯ ದಾಖಲೆಯೂ ಒಂದೆಡೆ ಸೇರಬೇಕು. ಚೇತರಿಸಿಕೊಂಡವರು ಮನೆ ಸೇರಲು ಎಷ್ಟು ದಿನ ಕಾಯಬೇಕಾಯಿತು ಎಂಬುದೇ ಇಂಥ ಸಹಭಾಗಿತ್ವಕ್ಕೆ ತಕ್ಕ ಅಳತೆಗೋಲು.