ಅಂಚಿನ ಗುಟ್ಟು

ಬೆಳ್ಳಿತೆರೆಯ ಮೇಲೆ ನಾಯಕ ಸಾವಿರಾರು ಅಡಿ ಎತ್ತರದ ಬಂಡೆಯಂಚಿನಲ್ಲಿ ಜೋತಾಡುತ್ತಾನೆ. ಪ್ರೇಕ್ಷಕರು ಉಸಿರು ಬಿಗಿಹಿಡಿಯುತ್ತಾರೆ. ವಾಸ್ತವದಲ್ಲಿ ಆತ ಸ್ಟುಡಿಯೋದ ನೀಲಿ ಪರದೆಯ ಮುಂದೆ, ನೆಲದಿಂದ ನಾಲ್ಕಡಿ ಮೇಲೆ ನೇತಾಡಿರುತ್ತಾನೆ. ಬಂಡೆಯ ಚಿತ್ರ ತೆಗೆದದ್ದು ಬೇರೆಲ್ಲೋ. ಎರಡನ್ನೂ ಬೆಸುಗೆ ಕಾಣದಂತೆ ಒಂದಾಗಿಸುವ ಕೆಲಸವೇ ಕಾಂಪೊಸಿಟಿಂಗ್.

ಇದು ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯ ವಿದ್ಯೆ. ಫ್ರಾನ್ಸಿನ ಜಾರ್ಜ್ ಮೆಲಿಯೆ 1898ರಲ್ಲೇ ಒಂದೇ ಫಿಲ್ಮಿನ ಮೇಲೆ ಹಲವು ಸಲ ಚಿತ್ರ ತೆಗೆದು, ತನ್ನ ತಲೆಯನ್ನೇ ಕಿತ್ತು ಮೇಜಿನ ಮೇಲಿಡುವ ಮಾಂತ್ರಿಕನಾಗಿ ಕಾಣಿಸಿಕೊಂಡ. ಮುಂದೆ ಬಂದದ್ದು ಆಪ್ಟಿಕಲ್ ಪ್ರಿಂಟರ್. ಪ್ರೊಜೆಕ್ಟರ್ ಮತ್ತು ಕ್ಯಾಮೆರಾ ಎದುರುಬದುರು ಕುಳಿತು, ಚಿತ್ರದ ಮೇಲೆ ಚಿತ್ರವನ್ನು ಹೊಸ ಫಿಲ್ಮಿಗೆ ಇಳಿಸುವ ಯಂತ್ರ ಅದು. ಆದರೆ ಪ್ರತಿ ನಕಲಿಗೂ ಚಿತ್ರ ಒಂದಿಷ್ಟು ಮಸುಕಾಗುತ್ತಿತ್ತು. ಫಿಲ್ಮು ಕೂದಲೆಳೆಯಷ್ಟು ಸರಿದರೂ ಆಕೃತಿಯ ಸುತ್ತ ಕಪ್ಪು ಗೆರೆ ಇಣುಕುತ್ತಿತ್ತು.

ತೊಡಕೆಲ್ಲ ಇದ್ದದ್ದು ಅಂಚಿನಲ್ಲಿ. ಗೋಡೆಯ ಅಂಚನ್ನು ಕತ್ತರಿಸುವುದು ಸುಲಭ. ಹಾರುವ ಕೂದಲು, ಹೊಗೆ, ಗಾಜು ಇವುಗಳ ಅಂಚು ಎಲ್ಲಿ? ಅಲ್ಲಿ ವಸ್ತುವೂ ಉಂಟು, ಹಿನ್ನೆಲೆಯೂ ಉಂಟು.

ಇದಕ್ಕೆ ಉತ್ತರ ಹೊಳೆದದ್ದು 1977ರ ಸುಮಾರಿಗೆ, ನ್ಯೂಯಾರ್ಕ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್‌ಗೆ. ಕಂಪ್ಯೂಟರ್ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಅವರು ನಾಲ್ಕನೆಯದೊಂದನ್ನು ಸೇರಿಸಿದರು: ಆ ಚುಕ್ಕೆ ಹಿಂದಿನದನ್ನು ಎಷ್ಟು ಮರೆಮಾಡುತ್ತದೆ ಎಂಬ ಲೆಕ್ಕ. ಅದಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಪೂರ್ತಿ ಮರೆಮಾಡಿದರೆ 1, ಏನೂ ಇಲ್ಲದಿದ್ದರೆ 0. ಕೂದಲಿನ ಅಂಚಿನ ಚುಕ್ಕೆಯ ಹೊಳಪು 200, ಆಲ್ಫಾ ಕಾಲುಭಾಗ, ಹಿನ್ನೆಲೆಯ ಹೊಳಪು 100 ಎನ್ನಿ. 200ರ ಕಾಲುಭಾಗ 50, 100ರ ಮುಕ್ಕಾಲು 75, ಕೂಡಿದರೆ 125. ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ!

1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಈ ಲೆಕ್ಕಗಳನ್ನೆಲ್ಲ ಕ್ರಮಬದ್ಧಗೊಳಿಸಿ ಪ್ರಬಂಧವಾಗಿ ಪ್ರಕಟಿಸಿದರು. ನಾಲ್ವರಿಗೂ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ 1996ರಲ್ಲಿ ಸಂದಿತು.

ಅಷ್ಟರಲ್ಲಿ ಕಂಪ್ಯೂಟರುಗಳು ಬಲಿತಿದ್ದವು. 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನ ಪುಟ್ಟ ಕಂಪನಿಯೊಂದು ಆಫ್ಟರ್ ಎಫೆಕ್ಟ್ಸ್ ಹೊರತಂದಿತು. ಅದೇ ವರ್ಷ ಹುಟ್ಟಿದ ಡಿಜಿಟಲ್ ಡೊಮೇನ್ ಸಂಸ್ಥೆ ತನ್ನ ಸ್ವಂತ ಬಳಕೆಗೆಂದು ನ್ಯೂಕ್ ತಂತ್ರಾಂಶ ಸಿದ್ಧಪಡಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಶೇಕ್ ಬಂತು. 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳಿಗೆ ದುಡಿದದ್ದು ಅದೇ.

ಆದರೆ ತಂತ್ರಾಂಶದ ಆಯುಷ್ಯ ಅದರ ಒಡೆಯನ ಕೈಯಲ್ಲಿ. ಶೇಕ್ ಅನ್ನು 2002ರಲ್ಲಿ ಕೊಂಡ ಆಪಲ್ ಕಂಪನಿ ಮೊದಲು ಅದರ ವಿಂಡೋಸ್ ಆವೃತ್ತಿಯನ್ನು ಕೈಬಿಟ್ಟಿತು. 2009ರಲ್ಲಿ ಶೇಕ್ ಮಾರಾಟವನ್ನೇ ನಿಲ್ಲಿಸಿತು. ವರ್ಷಗಟ್ಟಲೆ ಅದರಲ್ಲಿ ಕೈ ಪಳಗಿಸಿಕೊಂಡಿದ್ದವರು ಹೊಸ ಉಪಕರಣವನ್ನು ಮೊದಲಿನಿಂದ ಕಲಿಯಬೇಕಾಯಿತು. ನ್ಯೂಕ್‌ನ ಅದೃಷ್ಟ ಬೇರೆ. 2007ರಲ್ಲಿ ಅದು ಲಂಡನ್ನಿನ ಫೌಂಡ್ರಿ ಸಂಸ್ಥೆಯ ಪಾಲಾಗಿ ಬೆಳೆಯಿತು. ಇಂದು ದೊಡ್ಡ ಸ್ಟುಡಿಯೋಗಳಲ್ಲಿ ಅದರದೇ ಕಾರುಬಾರು.

ಶೇಕ್ ಹೋಯಿತು, ಆಲ್ಫಾ ಹೋಗಲಿಲ್ಲ. ಶೇಕ್ ಒಬ್ಬರ ಸರಕು. ಆಲ್ಫಾದ ಲೆಕ್ಕವಾದರೋ ಪ್ರಬಂಧವಾಗಿ ಪ್ರಕಟವಾದ ದಿನವೇ ಎಲ್ಲರ ಸ್ವತ್ತಾಯಿತು. ಮೊಬೈಲ್ ಫೋನಿನ ಪರದೆಯಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದು ಅರೆಪಾರದರ್ಶಕವಾಗಿ ತೇಲಿಬಂದಾಗಲೆಲ್ಲ ಒಳಗೆ ನಡೆಯುವುದು ಅದೇ ಗುಣಾಕಾರ, ಅದೇ ಸಂಕಲನ. ಗುಟ್ಟು ಮಾಡದೆ ಹಂಚಿದ ವಿದ್ಯೆಗೆ ಆಯುಷ್ಯ ಹೆಚ್ಚು.