ಮಧ್ಯಸ್ಥಿಕೆ ತಾಲ್ಲೂಕಿಗೂ ಬರಲಿ

ಲೋಕ ಅದಾಲತ್ ಮುಗಿದ ಮರುದಿನ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಫೋಟೊ ಇರುತ್ತದೆ: ವಿಚ್ಛೇದನ ಕೇಳಿ ಬಂದಿದ್ದ ದಂಪತಿ ನ್ಯಾಯಾಧೀಶರ ಎದುರು ಹಾರ ಬದಲಿಸಿಕೊಂಡು ಮನೆಗೆ ಹೊರಟದ್ದು. ಸಂತೋಷ. ಆದರೆ ಮತ್ತೆ ಒಂದಾದವರ ಲೆಕ್ಕವೊಂದೇ ಮಧ್ಯಸ್ಥಿಕೆಯ ಗೆಲುವಾಗಬಾರದು. ಹೊಡೆತ ತಿಂದು ತವರಿಗೆ ಬಂದವಳನ್ನು ಅದೇ ಮನೆಗೆ ವಾಪಸು ಕಳಿಸುವುದು ರಾಜಿಯಲ್ಲ.

ನಮ್ಮ ಕಲಬುರಗಿ ಕಡೆ ಗಂಡ–ಹೆಂಡಿರ ಜಗಳ ಮೊದಲು ಬರುವುದು ಹಿರಿಯರ ಮುಂದೆ. ಶರಣಸಿರಸಗಿ ಇರಲಿ, ಕಮಲಾಪುರ ಇರಲಿ, ಅಲ್ಲಿ ಕೂಡುವವರು ಹೆಚ್ಚಾಗಿ ಗಂಡಸರೇ. ‘ಹೊಂದ್ಕೊಂಡು ಹೋಗವ್ವ’ ಎಂಬ ಬುದ್ಧಿಮಾತು ಹೆಣ್ಣುಮಗಳಿಗೆ ಮಾತ್ರ. ಕೋರ್ಟಿನ ಮಧ್ಯಸ್ಥಿಕೆ ಹಾಗಲ್ಲ. ಅಲ್ಲಿ ತರಬೇತಿ ಪಡೆದ ಮಧ್ಯಸ್ಥಗಾರರು ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂಡಿಸುತ್ತಾರೆ, ಆಮೇಲೆ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡುತ್ತಾರೆ. ಅತ್ತೆ–ಮಾವನ ಎದುರು ಬಾಯಿ ಬಿಡದವಳು ಅಲ್ಲಿ ಹೇಳಿದ್ದು ಅವಳ ಒಪ್ಪಿಗೆ ಇಲ್ಲದೆ ಗಂಡನ ಕಿವಿಗೆ ಬೀಳುವುದಿಲ್ಲ. ಮಗು ಯಾರ ಹತ್ತಿರ, ಶಾಲೆ ಫೀಸು ಯಾರು ಕಟ್ಟಬೇಕು, ಮದುವೆಯಲ್ಲಿ ಕೊಟ್ಟ ಬಂಗಾರ ಎಲ್ಲಿದೆ, ಎಲ್ಲವೂ ಮಾತಿಗೆ ಬರುತ್ತವೆ. ಬೇರೆಯಾಗುವುದೇ ಖರೆ ಎಂದಾದರೂ ಜೀವನಾಂಶ ಬರೆದಿಟ್ಟು ಗೌರವದಿಂದ ಬೇರೆಯಾಗಬಹುದು. ನನ್ನ ಲೆಕ್ಕದಲ್ಲಿ ಅದೂ ಗೆಲುವೇ.

ಕಾನೂನಿಗೆ ಕೊರತೆ ಇಲ್ಲ. ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳಿದೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ದಾವೆ ಹೂಡುವ ಮೊದಲೇ ಮಧ್ಯಸ್ಥಿಕೆಗೆ ಅವಕಾಶ ಇರಲಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ತಾಲ್ಲೂಕು ಕೋರ್ಟುಗಳನ್ನೂ ಸೇರಿಸಿ ದೇಶದಾದ್ಯಂತ ಅಭಿಯಾನವೂ ನಡೆಯಿತು.

ಆದರೆ ಮೂರು ತಿಂಗಳ ಅಭಿಯಾನದಿಂದ ಮನೆಜಗಳ ತೀರುವುದಿಲ್ಲ. ಕಮಲಾಪುರದಿಂದ ಕಲಬುರಗಿಗೆ 30 ಕಿ.ಮೀ.ಗೂ ಹೆಚ್ಚು ದಾರಿ. ಪ್ರತಿ ವಾಯಿದೆಗೂ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಕೂಲಿ ಹೆಣ್ಣುಮಗಳಿಗೆ ಬಸ್ ಚಾರ್ಜಿನ ಜೊತೆ ಒಂದು ದಿನದ ದುಡಿಮೆಯೂ ಹೋಗುತ್ತದೆ. ವಾರಕ್ಕೆ ಒಂದು ದಿನವಾದರೂ ಮಹಿಳಾ ಮಧ್ಯಸ್ಥಗಾರರೊಬ್ಬರು ತಾಲ್ಲೂಕಿನಲ್ಲೇ ಕೂಡುವಂತೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಏರ್ಪಾಡು ಮಾಡಲಿ. ಹಿಂಸೆಯ ದೂರಿದ್ದರೆ ಮೊದಲು ಅವಳಿಗೆ ರಕ್ಷಣೆ, ಮಾತುಕತೆ ಆಮೇಲೆ. ಅದೂ ಅವಳು ಬೇಕೆಂದರೆ ಮಾತ್ರ.

ದುಡ್ಡಿಲ್ಲವೆಂದು ಯಾವ ಹೆಣ್ಣುಮಗಳೂ ಸುಮ್ಮನೆ ಕೂಡಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.